ಈಜುವಾಗ ಕಿವಿ ನೋವು: ಪ್ಲಗ್ ಹಾಕಿಕೊಂಡರೆ ಇನ್ನೂ ಹೆಚ್ಚುತ್ತಿದೆ!

ತಿಳಿನೀರು
ನನ್ನ ಕಿವಿಗಳು ಮೊದಲಿನಿಂದಲೂ ಬಲು ಸೂಕ್ಷ್ಮ. ಎದುರುಗಾಳಿಗೆ ನಡೆದರೂ ಚಳುಕು ಬರುತ್ತದೆ. ತಲೆಸ್ನಾನದ ನೀರು ಒಳಗೆ ಹೋದರೆ ಅರ್ಧ ದಿನ ಕಿವಿ ಗುಂಯ್ ಎನ್ನುತ್ತಿರುತ್ತದೆ. ಇಷ್ಟು ವಯಸ್ಸಾದ ಮೇಲೆ ಹಟ ಹಿಡಿದು ಈಜು ಕಲಿಯುತ್ತಿದ್ದೇನೆ. ಕೈಕಾಲು ಹೇಳಿದ ಮಾತು ಕೇಳುತ್ತಿವೆ, ಕಿವಿಯೇ ಕೇಳುತ್ತಿಲ್ಲ. ಸಿಲಿಕೋನ್ ಇಯರ್‌ಪ್ಲಗ್ ತಂದು ಹಾಕಿಕೊಂಡೆ. ಮೇಲ್ಮೈಯಲ್ಲಿ ಈಜುವಾಗ ಪರವಾಗಿಲ್ಲ. ಆದರೆ ಆಳದ ಕಡೆ ತಳಕ್ಕೆ ಮುಳುಗಿದರೆ ಪ್ಲಗ್ ಇಲ್ಲದಿದ್ದಾಗಿನದಕ್ಕಿಂತ ಹೆಚ್ಚು ನೋವು. ಮರುದಿನ ಬೇರೆ ಥರದ ಕಿರಿಕಿರಿ. ಒಳ್ಳೆಯ ಪ್ಲಗ್ ಯಾವುದೆಂದು ಹೇಳಿ, ಅಥವಾ ನನ್ನಂಥವರಿಗೆ ಈಜು ಆಗಿಬರುವುದಿಲ್ಲ ಎಂದಾದರೂ ಹೇಳಿಬಿಡಿ.

ಮರಳುದಂಡೆ
ಸಿಲಿಕೋನ್ ಬಿಡಿ. ಮಲಗುವಾಗ ಹಾಕಿಕೊಳ್ಳುವ ಸ್ಪಂಜಿನಂಥ ಪ್ಲಗ್ ಇದೆಯಲ್ಲ, ಅದನ್ನು ಹೊಸೆದು ಒಳಕ್ಕೆ ತಳ್ಳಿ. ಹನಿ ನೀರೂ ಹೋಗದು.

ಎರಡನೇ ಲೇನ್
ದಯವಿಟ್ಟು ಹಾಗೆ ಮಾಡಬೇಡಿ. ಆ ಸ್ಪಂಜು ಸದ್ದಿಗಾಗಿ ಮಾಡಿದ್ದು, ನೀರಿಗಾಗಿ ಅಲ್ಲ. ನೀರು ಸೋಸಿಕೊಂಡು ಒಳಗೆ ಬಂದರೆ ಒದ್ದೆ ಸ್ಪಂಜೇ ಕಿವಿಯ ನಾಳದೊಳಗೆ ಕುಳಿತಿರುತ್ತದೆ. ಸೋಂಕಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕೆ?

ತಿಳಿನೀರು ಅವರೇ, ನಾನು ಈಜು ಕಲಿಸುವವನು. ಯಾವ ಪ್ಲಗ್ ಎನ್ನುವುದಕ್ಕೆ ಮೊದಲು ಯಾವ ನೋವು ಎನ್ನುವುದು ಗೊತ್ತಾಗಬೇಕು. ಮುಳುಗುವಾಗ ಬರುವ ನೋವು ಮೇಲೆ ಬಂದ ಕೂಡಲೇ ಹೋಗುತ್ತದೆಯೇ? ಮರುದಿನದ ಕಿರಿಕಿರಿ ತುರಿಕೆಯೇ, ನೋವೇ, ಕಿವಿ ಕಟ್ಟಿದಂತಿರುವುದೇ? ಕಿವಿಯನ್ನು ಹಿಡಿದು ಮೆಲ್ಲಗೆ ಎಳೆದರೆ ನೋವು ಹೆಚ್ಚುತ್ತದೆಯೇ? ಹಿಂದೆ ಎಂದಾದರೂ ಕಿವಿ ಸೋರಿತ್ತೇ?

ಹಳೇ ಬಾವಿ
ನಮ್ಮ ಕಾಲದಲ್ಲಿ ಪ್ಲಗ್ಗೂ ಇರಲಿಲ್ಲ, ಕ್ಯಾಪೂ ಇರಲಿಲ್ಲ. ಧುಮುಕಿದೆವು, ಈಜಿದೆವು, ತಲೆ ವಾಲಿಸಿ ನೀರು ಇಳಿಸಿದೆವು. ಇಂದಿಗೂ ಕಿವಿ ನೆಟ್ಟಗಿದೆ. ಕಿವಿಗೆ ನೀರು ಅಭ್ಯಾಸವಾಗಬೇಕು ಅಷ್ಟೇ. ಮುಚ್ಚಿದಷ್ಟೂ ಸೂಕ್ಷ್ಮವಾಗುತ್ತದೆ.

ತಿಳಿನೀರು
ಎರಡನೇ ಲೇನ್ ಅವರೇ, ಮುಳುಗುವಾಗಿನ ನೋವು ಚೂಪಾದದ್ದು, ಕಿವಿಯ ಆಳದಲ್ಲಿ. ಮೇಲೆ ಬಂದ ಕೂಡಲೇ ಮಾಯ. ನಮ್ಮ ಕೊಳದ ಆಳದ ಬದಿ ಮೂರು ಮೀಟರ್ ಇರಬಹುದು, ಅರ್ಧ ಇಳಿಯುವ ಮೊದಲೇ ಶುರುವಾಗುತ್ತದೆ. ಮರುದಿನದ್ದು ತುರಿಕೆ. ಕೆರೆದರೆ ಹಿತ, ಆಮೇಲೆ ಉರಿ. ಬಲಗಿವಿಯನ್ನು ಎಳೆದು ನೋಡಿದೆ, ನೋವಿದೆ. ಕಿವಿ ಸೋರಿದ್ದು ನೆನಪಿಲ್ಲ. ಹಳೇ ಬಾವಿ ಅವರೇ, ನಿಮ್ಮ ಕಿವಿ ನನಗೆ ಕೊಡುವುದಾದರೆ ಅಭ್ಯಾಸ ಮಾಡಿಸಲು ಸಿದ್ಧ.

ಎರಡನೇ ಲೇನ್
ಹಾಗಾದರೆ ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ. ಒಂದಕ್ಕೆ ಪ್ಲಗ್ ನೆರವಾಗಬಹುದು. ಇನ್ನೊಂದಕ್ಕೆ ಪ್ಲಗ್ಗೇ ಶತ್ರು.

ಮುಳುಗುವಾಗಿನದು ಒತ್ತಡದ ನೋವು. ಕಿವಿಯ ತಮಟೆಯ ಆಚೆ ಮಧ್ಯಕಿವಿ ಎಂಬ ಗಾಳಿಯ ಕೋಣೆ ಇದೆ. ಅದಕ್ಕೂ ಗಂಟಲಿನ ಮೇಲ್ಭಾಗಕ್ಕೂ ನಡುವೆ ಯುಸ್ಟೇಶಿಯನ್ ನಾಳ ಎಂಬ ಕಿರಿದಾದ ದಾರಿ. ಈ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ, ನುಂಗಿದಾಗ ಅಥವಾ ಆಕಳಿಸಿದಾಗ ತೆರೆದುಕೊಳ್ಳುತ್ತದೆ. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಮೂರು ಮೀಟರ್ ಎಂದರೆ ಮೂವತ್ತು ಪ್ರತಿಶತ ಹೆಚ್ಚು. ಹೊರಗಿನ ನೀರು ತಮಟೆಯನ್ನು ಒಳಕ್ಕೆ ಒತ್ತುತ್ತದೆ, ಒಳಗಿನ ಗಾಳಿ ಅದಕ್ಕೆ ಸಮನಾಗದಿದ್ದರೆ ತಮಟೆ ಬಿಗಿದು ನೋಯುತ್ತದೆ. ಆರೋಗ್ಯವಂತ ಕಿವಿಗೂ ಒಂದೂವರೆ ಮೀಟರಿನಲ್ಲೇ ಇದು ಆಗಬಹುದು. ನಿಮ್ಮ ಕಿವಿಯನ್ನು ಬೈಯಬೇಡಿ.

ಈಗ ಪ್ಲಗ್. ಪ್ಲಗ್ಗಿಗೂ ತಮಟೆಗೂ ನಡುವೆ ಒಂದಿಷ್ಟು ಗಾಳಿ ಸಿಕ್ಕಿಬೀಳುತ್ತದೆ. ಆಳಕ್ಕೆ ಹೋದಂತೆ ನೀರು ಪ್ಲಗ್ಗನ್ನೇ ಒಳಕ್ಕೆ ಒತ್ತುತ್ತದೆ. ನೀವು ಮೂಗಿನ ಕಡೆಯಿಂದ ಒತ್ತಡ ಸಮ ಮಾಡಿಕೊಂಡರೂ ಸಿಕ್ಕಿಬಿದ್ದ ಆ ಗಾಳಿಯನ್ನು ಸಮ ಮಾಡಲು ದಾರಿಯೇ ಇಲ್ಲ. ಆಗ ತಮಟೆ ಹೊರಕ್ಕೆ ಉಬ್ಬುತ್ತದೆ. ಆದ್ದರಿಂದ ಮುಳುಗುವುದಾದರೆ ಕಿವಿ ಮುಚ್ಚುವ ಪ್ಲಗ್ ಬೇಡವೇ ಬೇಡ. ಮೇಲ್ಮೈ ಈಜಿಗೆ ಮಾತ್ರ ಅದು.

ಇಳಿಯುವಾಗ ಮೂಗನ್ನು ಬೆರಳಿನಿಂದ ಮುಚ್ಚಿ, ಬಾಯಿ ಮುಚ್ಚಿ, ಮೂಗು ಸೀಟುವಂತೆ ಮೆಲ್ಲಗೆ, ತೀರಾ ಮೆಲ್ಲಗೆ ಊದಿ. ಕಿವಿಯಲ್ಲಿ ಟಿಕ್ ಎನ್ನುತ್ತದೆ. ಕೆಲವರಿಗೆ ಮೂಗು ಮುಚ್ಚಿ ನುಂಗುವುದೇ ಸುಲಭ. ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ, ಇಳಿಯುತ್ತಾ ಮತ್ತೆ ಮತ್ತೆ ಮಾಡಬೇಕು. ತಲೆ ಕೆಳಗಾಗಿ ಇಳಿಯುವುದಕ್ಕಿಂತ ಕಾಲು ಕೆಳಗಾಗಿ ಇಳಿದರೆ ಗಾಳಿ ಬೇಗ ಹಾಯುತ್ತದೆ. ಟಿಕ್ ಎನ್ನದಿದ್ದರೆ ಒಂದಷ್ಟು ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಿದರೆ ಒಳಗಿವಿಗೇ ಪೆಟ್ಟಾಗಬಹುದು. ನೆಗಡಿ ಇರುವ ದಿನ ಮುಳುಗುವ ಅಭ್ಯಾಸವನ್ನೇ ಬಿಡಿ, ಆ ದಿನ ಈ ದಾರಿ ಊದಿಕೊಂಡಿರುತ್ತದೆ.

ಓದುಹುಳ
ಒಂದು ಅಡ್ಡಮಾತು: ಈ ಮೂಗು ಮುಚ್ಚಿ ಊದುವ ಉಪಾಯವನ್ನು 1704ರಲ್ಲಿ ಬರೆದಿಟ್ಟವನು ಇಟಲಿಯ ಅಂಗರಚನಾ ಶಾಸ್ತ್ರಜ್ಞ ವಾಲ್ಸಾಲ್ವಾ. ಅವನ ಉದ್ದೇಶ ಮುಳುಗುವುದಲ್ಲ, ಮಧ್ಯಕಿವಿಯ ಕೀವನ್ನು ಹೊರಹಾಕುವುದು! ಮೂಗು ಮುಚ್ಚಿ ನುಂಗುವ ಬಗೆಗೆ ಟಾಯ್ನ್‌ಬೀ ಎಂಬ ಇಂಗ್ಲಿಷ್ ಕಿವಿ ವೈದ್ಯನ ಹೆಸರಿದೆ.

ಕಿವಿಮಾತು
ನಾನು ಶ್ರವಣ ತಜ್ಞೆ, ವೈದ್ಯೆಯಲ್ಲ. ಎರಡನೇ ಲೇನ್ ಅವರು ಒತ್ತಡದ ಬಗ್ಗೆ ಹೇಳಿದ್ದು ಸರಿ. ಮರುದಿನದ ತುರಿಕೆಯ ಬಗ್ಗೆ ನಾನು ಸೇರಿಸುತ್ತೇನೆ, ಏಕೆಂದರೆ ನನಗೆ ಹೆಚ್ಚು ಚಿಂತೆ ತಂದಿದ್ದು ಅದೇ.

ಕಿವಿಯ ನಾಳ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಅದೂ ನೇರವಾಗಿಲ್ಲ, ಬಾಗಿದೆ. ಅದರ ಚರ್ಮ ತುಸು ಆಮ್ಲೀಯ. ಮೇಲೆ ಗುಗ್ಗೆಯ ಜಿಡ್ಡಿನ ಲೇಪ ಇರುತ್ತದೆ. ನೀರನ್ನು ಜಾರಿಸುವುದು, ಬ್ಯಾಕ್ಟೀರಿಯಾಗಳನ್ನು ತಡೆಯುವುದು ಈ ಎರಡರ ಕೆಲಸ. ನೀರು ತುಂಬ ಹೊತ್ತು ನಿಂತರೆ ಚರ್ಮ ಮೆತ್ತಗಾಗುತ್ತದೆ, ಆಮ್ಲೀಯತೆ ಕಡಿಮೆಯಾಗುತ್ತದೆ. ಅದರ ಮೇಲೆ ಉಗುರು ತಾಗಿಸಿ ಕೆರೆದರೆ ಬಾಗಿಲು ತೆರೆದಂತೆಯೇ. ಈಜುಗಾರರ ಕಿವಿ ಎಂದು ಕರೆಯುವ ಹೊರಕಿವಿಯ ಸೋಂಕು ಹೀಗೆ ಬರುತ್ತದೆ. ಹೆಚ್ಚಾಗಿ ಕಾಣುವುದು ಸ್ಯೂಡೋಮೊನಾಸ್ ಮತ್ತು ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳು, ಕೆಲವೊಮ್ಮೆ ಶಿಲೀಂಧ್ರ.

ಕಿವಿಯನ್ನು ಎಳೆದರೆ, ಅಥವಾ ರಂಧ್ರದ ಮುಂದಿರುವ ಸಣ್ಣ ದಿಬ್ಬವನ್ನು ಒತ್ತಿದರೆ ನೋವು ಹೆಚ್ಚುವುದು ಹೊರಕಿವಿಯ ಸೋಂಕಿನ ಲಕ್ಷಣ. ನಿಮ್ಮ ಬಲಗಿವಿ ಹಾಗೆ ನೋಯುತ್ತಿದೆ ಎಂದಿದ್ದೀರಿ. ಸದ್ಯಕ್ಕೆ ನೀರಿಗೆ ಇಳಿಯಬೇಡಿ, ಇಎನ್‌ಟಿ ವೈದ್ಯರಿಗೆ ತೋರಿಸಿ. ಒಳಗೆ ಏನಿದೆಯೆಂದು ನೋಡದೆ ಯಾರು ಯಾವ ಹನಿ ಹೇಳಿದರೂ ಹಾಕಿಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಒಂದು ದಿನವೂ ತಡ ಮಾಡಬೇಡಿ, ಅಂಥವರಲ್ಲಿ ಈ ಸೋಂಕು ಮೂಳೆಗೂ ಹರಡಬಹುದು.

ಹಳೇ ಬಾವಿ ಅವರ ಮಾತಿನಲ್ಲೂ ಅರ್ಧ ನಿಜವಿದೆ. ಅವರು ಕಿವಿಗೆ ಕಡ್ಡಿ ಹಾಕದೆ ಬಿಟ್ಟಿದ್ದರೆ, ಗುಗ್ಗೆ ಅವರನ್ನು ಕಾಪಾಡಿತ್ತು.

ಹಳೇ ಬಾವಿ
ಕಡ್ಡಿ ಹಾಕಲಿಲ್ಲ ಎನ್ನುವುದು ನಿಜ. ಉಳಿದ ಅರ್ಧಕ್ಕೂ ಒಪ್ಪಿಗೆ ಸಿಗುವವರೆಗೆ ಕಾಯುತ್ತೇನೆ.

ಸಂಜೆಗಾಳಿ
ನನಗೆ ಯಾವಾಗಲೂ ಕೆಲಸ ಮಾಡಿದ್ದು ಬಿಳಿ ವಿನೆಗರ್ ಮತ್ತು ರಬ್ಬಿಂಗ್ ಆಲ್ಕೋಹಾಲ್. ಸಮಸಮ ಬೆರೆಸಿ ಈಜಿದ ಮೇಲೆ ಕೆಲವು ಹನಿ. ಆಲ್ಕೋಹಾಲ್ ನೀರನ್ನು ಆರಿಸುತ್ತದೆ, ವಿನೆಗರ್ ಆಮ್ಲೀಯತೆಯನ್ನು ಮರಳಿಸುತ್ತದೆ. ಔಷಧ ಅಂಗಡಿಯ ಸೀಸೆಗೆ ಏಕೆ ಹಣ ಸುರಿಯಬೇಕು?

ಕಿವಿಮಾತು
ಸಂಜೆಗಾಳಿ ಅವರೇ, ಅದು ಒಳ್ಳೆಯ ಕಿವಿಗೆ ಮುನ್ನೆಚ್ಚರಿಕೆ, ನೋಯುತ್ತಿರುವ ಕಿವಿಗೆ ಔಷಧಿಯಲ್ಲ. ತಮಟೆಯಲ್ಲಿ ತೂತಿದ್ದರೆ, ಗ್ರಾಮೆಟ್ (ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಹಾಕಿಸಿದ್ದರೆ, ಕಿವಿ ಸೋರುತ್ತಿದ್ದರೆ ಅದನ್ನು ಹಾಕಲೇಬಾರದು. ಕೆರೆದು ಕೆಂಪಾದ ಚರ್ಮದ ಮೇಲೆ ಬಿದ್ದರೆ ಬೆಂಕಿ. ಇಸುಬು ಇರುವವರ ಚರ್ಮವನ್ನು ಆಲ್ಕೋಹಾಲ್ ಇನ್ನೂ ಒಣಗಿಸಿ ತುರಿಕೆ ಹೆಚ್ಚಿಸುತ್ತದೆ. ತಿಳಿನೀರು ಅವರಿಗೆ ಈಗ ಇದು ಬೇಡ.

ಸಂಜೆಗಾಳಿ
ಒಪ್ಪಿದೆ. ನನ್ನ ಕಿವಿ ಎಂದೂ ಉರಿದಿಲ್ಲವಾದ್ದರಿಂದ ಆ ಕಡೆ ಯೋಚಿಸಿರಲಿಲ್ಲ. ಹಾಗಾದರೆ ಸೂಕ್ಷ್ಮ ಕಿವಿಯವರು ಒಣಗಿಸುವುದು ಹೇಗೆ?

ಎರಡನೇ ಲೇನ್
ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ತಲೆಯನ್ನು ಒಂದು ಬದಿಗೆ ಪೂರ್ತಿ ವಾಲಿಸಿ, ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಎಳೆಯಿರಿ. ನಾಳದ ಬಾಗು ನೇರವಾಗಿ ನೀರು ತಾನೇ ಇಳಿಯುತ್ತದೆ. ಚಿಕ್ಕ ಮಕ್ಕಳಾದರೆ ಕೆಳಕ್ಕೆ ಮತ್ತು ಹಿಂದಕ್ಕೆ. ಟವೆಲಿನ ತುದಿಯಿಂದ ಹೊರಗಿವಿಯನ್ನಷ್ಟೇ ಒರೆಸಿ. ಬಳಿಕ ಹೇರ್ ಡ್ರೈಯರನ್ನು ಅತಿ ಕಡಿಮೆ ಬಿಸಿಗೆ ಇಟ್ಟು, ಒಂದು ಅಡಿ ದೂರದಿಂದ ಸ್ವಲ್ಪ ಹೊತ್ತು ಆಡಿಸಿ. ಕೊಳದ ದಂಡೆಯಲ್ಲಿ ಒದ್ದೆ ಕೈಯಲ್ಲಿ ಡ್ರೈಯರ್ ಬೇಡ, ಬಟ್ಟೆ ಬದಲಿಸುವ ಕೋಣೆಯಲ್ಲಿ. ಇಯರ್‌ಬಡ್ ಅಂತೂ ಚೀಲದಲ್ಲೇ ಇರಬಾರದು. ಅದು ಗುಗ್ಗೆಯನ್ನು ತೆಗೆಯುವುದಕ್ಕಿಂತ ಒಳಕ್ಕೆ ತಳ್ಳುವುದೇ ಹೆಚ್ಚು.

ಈಜಿದ ಮೇಲೂ ಕಿವಿ ಕಟ್ಟಿದಂತೆಯೇ ಇದ್ದರೆ ನೀರು ಉಳಿದಿದೆ ಎಂದೇ ಅಲ್ಲ, ನೀರು ಕುಡಿದ ಗುಗ್ಗೆ ಉಬ್ಬಿ ನಾಳವನ್ನು ಮುಚ್ಚಿರಬಹುದು. ಅದನ್ನು ತೆಗೆಸಬೇಕು, ಕುಣಿದು ಕುಪ್ಪಳಿಸಿದರೆ ಬರುವುದಿಲ್ಲ.

ಬೆಳಗಿನ ತಾಯಿ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ ಐದು ವರ್ಷ, ಎರಡೂ ಕಿವಿಗೆ ಗ್ರಾಮೆಟ್ ಹಾಕಿಸಿದ್ದೇವೆ. ಅಜ್ಜಿ ಈಜು ಬೇಡವೇ ಬೇಡ ಎನ್ನುತ್ತಾರೆ. ವೈದ್ಯರು ಪರವಾಗಿಲ್ಲ ಎಂದರು. ಯಾರ ಮಾತು ಕೇಳಲಿ? ಅವನು ಪ್ಲಗ್ ಹಾಕಿದರೆ ಕಿತ್ತು ಎಸೆಯುತ್ತಾನೆ.

ಕಿವಿಮಾತು
ಅಜ್ಜಿಯ ಮಾತು ಹಿಂದಿನ ವೈದ್ಯರ ಮಾತೇ ಆಗಿತ್ತು, ಆದ್ದರಿಂದ ಅವರನ್ನು ದೂರುವಂತಿಲ್ಲ. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2013ರ ಮಾರ್ಗಸೂಚಿಯಲ್ಲಿ ಗ್ರಾಮೆಟ್ ಇರುವ ಎಲ್ಲ ಮಕ್ಕಳಿಗೂ ಪ್ಲಗ್ಗು, ಪಟ್ಟಿ, ಈಜು ನಿಷೇಧ ಎಂದು ರೂಢಿಗೆ ಹೇಳಬೇಕಿಲ್ಲ ಎಂದಿತು. ಗ್ರಾಮೆಟ್ಟಿನ ತೂತು ತೀರಾ ಚಿಕ್ಕದು, ಮೇಲ್ಮೈಯಲ್ಲಿ ಈಜುವಾಗ ನೀರು ಅದನ್ನು ಸುಲಭವಾಗಿ ದಾಟುವುದಿಲ್ಲ. ಸೋಪಿನ ನೀರು ಬೇರೆ: ಸೋಪು ನೀರಿನ ಮೇಲ್ಮೈ ಬಿಗಿತವನ್ನು ಕಡಿಮೆ ಮಾಡುವುದರಿಂದ ಅದು ಸಲೀಸಾಗಿ ನುಗ್ಗುತ್ತದೆ. ಸ್ನಾನದ ತೊಟ್ಟಿಯಲ್ಲಿ ತಲೆ ಮುಳುಗಿಸುವುದು ಕೊಳದಲ್ಲಿ ಈಜುವುದಕ್ಕಿಂತ ಕೆಟ್ಟದ್ದು ಎಂದರೆ ಅಜ್ಜಿ ನಂಬಲಿಕ್ಕಿಲ್ಲ, ಆದರೂ ಹೇಳಿ ನೋಡಿ.

ಆಳಕ್ಕೆ ಮುಳುಗುವುದು, ಕೆರೆಯಂಥ ಶುದ್ಧೀಕರಿಸದ ನೀರು, ಆಗಾಗ ಕಿವಿ ಸೋರುವ ಮಗು, ನೀರು ತಾಗಿದರೆ ನೋಯುತ್ತದೆ ಎನ್ನುವ ಮಗು: ಇಂಥಲ್ಲಿ ರಕ್ಷಣೆ ಬೇಕು. ಪ್ಲಗ್ ಕಿತ್ತೆಸೆಯುವ ಮಕ್ಕಳಿಗೆ ಮೇಲಿನಿಂದ ನಿಯೋಪ್ರೀನ್ ಎಂಬ ಮೆತ್ತನೆಯ ರಬ್ಬರಿನ ಪಟ್ಟಿ ಕಟ್ಟುತ್ತಾರೆ. ನಿಮ್ಮ ಮಗನ ಕಿವಿಯನ್ನು ನೋಡಿದ ವೈದ್ಯರ ಮಾತೇ ಕೊನೆಯದು.

ತಂಪುಕೆರೆ
ತಣ್ಣೀರಿನವರ ಪರವಾಗಿ ಒಂದು ಅಹವಾಲು. ನಾನು ಚಳಿಗಾಲದಲ್ಲೂ ತೆರೆದ ನೀರಿನಲ್ಲಿ ಈಜುವವನು. ನಮಗೆ ನೋವು ಬರುವುದು ಒತ್ತಡದಿಂದಲೂ ಅಲ್ಲ, ಸೋಂಕಿನಿಂದಲೂ ಅಲ್ಲ, ಬರೀ ತಣ್ಣಗಿನಿಂದ. ಒಂದು ಕಿವಿಗೆ ಮಾತ್ರ ತಣ್ಣೀರು ನುಗ್ಗಿದರೆ ಇಡೀ ಜಗತ್ತು ತಿರುಗುತ್ತದೆ. ಒಳಗಿವಿಯ ಸಮತೋಲನ ನಾಳದೊಳಗಿನ ದ್ರವ ತಣ್ಣಗಾಗಿ ಹರಿಯತೊಡಗುತ್ತದೆ, ಮಿದುಳು ತಲೆ ಸುತ್ತುತ್ತಿದೆ ಎಂದುಕೊಳ್ಳುತ್ತದೆ. ಇದೇ ಸಂಗತಿಯ ಅಧ್ಯಯನಕ್ಕೆ ರಾಬರ್ಟ್ ಬಾರಾನಿ 1914ರ ನೊಬೆಲ್ ಪಡೆದರು. ಎರಡೂ ಕಿವಿ ಸಮನಾಗಿ ತಣ್ಣಗಾದರೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಅಲ್ಲಿಯವರೆಗೆ ದಡದ ಬಳಿ ಅಥವಾ ಏನನ್ನಾದರೂ ಹಿಡಿದುಕೊಂಡಿರಿ.

ಇನ್ನೊಂದಿದೆ. ಸುಮಾರು 19 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರಿನಲ್ಲಿ ವರ್ಷಗಟ್ಟಲೆ ಕಿವಿ ತೆರೆದಿಟ್ಟು ಈಜಿದರೆ, ಅಲೆಯಾಟ (ಸರ್ಫಿಂಗ್) ಆಡಿದರೆ ನಾಳದ ಮೂಳೆಯೇ ಗಂಟುಗಂಟಾಗಿ ಬೆಳೆದು ದಾರಿ ಕಿರಿದಾಗುತ್ತದೆ. ಆಮೇಲೆ ನೀರು ಒಳಗೆ ಹೋದರೆ ಹೊರಬರದು. ಬೆಳೆದ ಮೂಳೆ ತಾನಾಗಿ ಕರಗುವುದಿಲ್ಲ. ಪ್ಲಗ್ಗು, ಅದರ ಮೇಲೆ ನಿಯೋಪ್ರೀನ್ ಟೊಪ್ಪಿಗೆ, ಎರಡೂ ಇಲ್ಲದೆ ನಾನು ಚಳಿಯಲ್ಲಿ ಇಳಿಯುವುದಿಲ್ಲ. ಹಳೇ ಬಾವಿ ಅವರೇ, ಮೂಳೆ ಮಾತ್ರ ನೀರಿಗೆ ಅಭ್ಯಾಸವಾಗುವ ಬಗೆ ಹೀಗೆ.

ಹಳೇ ಬಾವಿ
ನಮ್ಮ ಬಾವಿಯ ನೀರು ಬೆಚ್ಚಗಿರುತ್ತಿತ್ತು ಸ್ವಾಮಿ.

ಮೆಲುದನಿ
ಯಾರೂ ಹೇಳದ ನೋವು ಒಂದಿದೆ: ಸದ್ದು. ಮುಚ್ಚಿದ ಛಾವಣಿಯ ಕೊಳದಲ್ಲಿ ಮಕ್ಕಳ ಕಿರುಚಾಟ, ಸೀಟಿ, ಗೋಡೆಗೆ ಬಡಿದು ಮರಳುವ ದನಿ. ನನ್ನ ಕಿವಿಗೆ ನೀರಿಗಿಂತ ಅದೇ ಚುಚ್ಚುತ್ತದೆ. ನಾನು ಪ್ಲಗ್ ಹಾಕುವುದು ಅದಕ್ಕಾಗಿ, ನೀರು ತಡೆಯುವುದು ಪುಕ್ಕಟೆ ಲಾಭ. ಜನ ಕಡಿಮೆ ಇರುವ ಹೊತ್ತನ್ನು ಆರಿಸಿಕೊಂಡರೆ ಅರ್ಧ ನೆಮ್ಮದಿ.

ಎರಡನೇ ಲೇನ್
ಮೆಲುದನಿ ಅವರ ಮಾತಿಗೆ ಒಂದು ಎಚ್ಚರಿಕೆ. ಪ್ಲಗ್ ಹಾಕಿದವರಿಗೆ ಜೀವರಕ್ಷಕರ ಸೀಟಿ ಕೇಳಿಸದೆ ಹೋಗಬಹುದು. ಬಂದ ಕೂಡಲೇ ಅವರಿಗೆ ಹೇಳಿಡಿ, ಕೈಸನ್ನೆ ಗೊತ್ತು ಮಾಡಿಕೊಳ್ಳಿ. ಕಲಿಯುವವರಾದರೆ ತರಬೇತುದಾರರಿಗೂ. ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡ ಮೇಲೆ ‘ಸರ್, ಪ್ಲಗ್ ಇತ್ತು’ ಎನ್ನುವವರಿದ್ದಾರೆ.

ತಿಳಿನೀರು
ಇಎನ್‌ಟಿ ವೈದ್ಯರನ್ನು ಕಂಡು ಬಂದೆ. ತಮಟೆ ಎರಡೂ ಸರಿಯಾಗಿವೆ. ಬಲಗಿವಿಯ ನಾಳ ಕೆಂಪಾಗಿ ಊದಿದೆ, ಸೋಂಕು ಶುರುವಾಗಿದೆ ಎಂದರು. ಮೂಲದಲ್ಲಿ ಇಸುಬು ಇದೆಯಂತೆ, ಅದಕ್ಕೇ ಈ ತುರಿಕೆ. ಶಾಂಪೂ ಕಿವಿಯೊಳಗೆ ಹೋಗದಂತೆ ನೋಡಿಕೊಳ್ಳಬೇಕು, ಅದೂ ಕೆರಳಿಸುತ್ತದೆ ಎಂದರು. ಹನಿ ಕೊಟ್ಟಿದ್ದಾರೆ. ವಾರದಿಂದ ಹತ್ತು ದಿನ ಕಿವಿಗೆ ನೀರು ತಾಗಬಾರದು. ಸ್ನಾನಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿದ ಹತ್ತಿಯುಂಡೆಯನ್ನು ಕಿವಿಯ ಬಾಯಿಗೆ ಇಟ್ಟುಕೊಳ್ಳಬೇಕು. ಈಜಿಗೂ ಅದನ್ನೇ ಇಟ್ಟುಕೊಳ್ಳಬಹುದೇ?

ಕಿವಿಮಾತು
ಬೇಗ ಹೋಗಿದ್ದು ಒಳ್ಳೆಯದಾಯಿತು. ಹತ್ತಿಯುಂಡೆ ಸ್ನಾನಕ್ಕಷ್ಟೇ ಸಾಕು, ಈಜಿನಲ್ಲಿ ನಿಲ್ಲುವುದಿಲ್ಲ. ನೋವು ಹೋಯಿತೆಂದು ಹನಿಯನ್ನು ನಡುವೆ ನಿಲ್ಲಿಸಬೇಡಿ. ಹನಿ ಸೀಸೆಯನ್ನು ಹಾಕುವ ಮೊದಲು ಅಂಗೈಯಲ್ಲಿ ಹಿಡಿದು ಮೈ ಬಿಸಿಗೆ ತನ್ನಿ. ಇಲ್ಲದಿದ್ದರೆ ತಂಪುಕೆರೆ ಅವರು ಹೇಳಿದ ತಲೆಸುತ್ತು ಕುಳಿತಲ್ಲೇ ಬರುತ್ತದೆ. ಹಾಕಿದ ಬಳಿಕ ಕೆಲವು ನಿಮಿಷ ಮಗ್ಗುಲಾಗಿ ಮಲಗಿರಿ. ಜ್ವರ, ಕೀವು, ಕಿವಿಯ ಹಿಂದೆ ಊತ, ಕೇಳಿಸುವುದು ಕಡಿಮೆಯಾಗುವುದು, ಅಥವಾ ಎರಡು ಮೂರು ದಿನವಾದರೂ ಇಳಿಯದ ನೋವು: ಇವುಗಳಲ್ಲಿ ಯಾವುದು ಕಂಡರೂ ಮತ್ತೆ ತೋರಿಸಿ.

ಗಾಳಿಪಟ
ಕೊಳದ ನೀರನ್ನೂ ಒಮ್ಮೆ ನೋಡಿ. ನಮ್ಮ ತಂಡದಲ್ಲಿ ಹಲವರಿಗೆ ಒಟ್ಟಿಗೆ ಕಿವಿ ಕೆಟ್ಟಾಗ ತಪ್ಪು ನೀರಿನದ್ದೇ ಆಗಿತ್ತು. ಕೊಳದಲ್ಲಿ ಮುಕ್ತ ಕ್ಲೋರಿನ್ ಕನಿಷ್ಠ 1 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ), ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.0ರಿಂದ 7.8ರ ಒಳಗೆ ಇರಬೇಕು. ಪರೀಕ್ಷೆಯ ಪಟ್ಟಿ ಅದ್ದಿದರೆ ಕೂಡಲೇ ಗೊತ್ತಾಗುತ್ತದೆ. ಮೂಗಿಗೆ ಅಡರುವ ಘಾಟು ಇದ್ದರೆ ನೀರು ಚೊಕ್ಕಟ ಎಂದಲ್ಲ. ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಸೇರಿ ಆದ ಕ್ಲೋರಮೈನಿನ ವಾಸನೆ ಅದು.

ತಿಳಿನೀರು
ಹನಿ ಮುಗಿಯಿತು, ವೈದ್ಯರು ನೋಡಿ ನೀರಿಗೆ ಇಳಿಯಬಹುದು ಎಂದರು. ಇನ್ನು ಮುಳುಗುವ ದಿನ ಪ್ಲಗ್ ಇಲ್ಲ, ಕಾಲು ಕೆಳಗಾಗಿ ಮೆಲ್ಲಗೆ. ನಿನ್ನೆ ಮೊದಲ ಬಾರಿ ಆ ಟಿಕ್ ಕೇಳಿಸಿತು! ಮೇಲ್ಮೈ ಈಜಿನ ದಿನಕ್ಕೆ ಮಾತ್ರ ಪ್ಲಗ್ ಬೇಕು. ಮೆತುವಾದ ಸಿಲಿಕೋನ್ ಉಂಡೆಯೋ, ಮೂರು ಸುತ್ತಿನ ತಿರುಪಿನಂಥದ್ದೋ?

ಎರಡನೇ ಲೇನ್
ನಿಮ್ಮ ನಾಳದ ಚರ್ಮ ಕೆರಳುವಂಥದ್ದು, ಆದ್ದರಿಂದ ಒಳಗೆ ತೂರಿ ಉಜ್ಜುವ ಸುತ್ತಿನ ಪ್ಲಗ್ಗಿಗಿಂತ ಉಂಡೆಯೇ ಮೇಲು. ಅದನ್ನು ಒಳಕ್ಕೆ ತಳ್ಳಬಾರದು, ರಂಧ್ರದ ಮೇಲೆ ಮುಚ್ಚಳದಂತೆ ಚಪ್ಪಟೆಯಾಗಿ ಅಂಟಿಸಬೇಕು. ಕಿವಿ, ಕೈ ಎರಡೂ ಒಣಗಿರಬೇಕು. ಎಣ್ಣೆ, ಕ್ರೀಮು ಸವರಿದ ಚರ್ಮಕ್ಕೆ ಅದು ಹಿಡಿಯುವುದಿಲ್ಲ. ಕೂದಲೆಳೆ ಸಿಕ್ಕಿಕೊಂಡರೆ ಅಲ್ಲಿಂದಲೇ ನೀರು ನುಸುಳುತ್ತದೆ. ಮೇಲೆ ಕ್ಯಾಪನ್ನು ಕಿವಿ ಮುಚ್ಚುವಂತೆ ಎಳೆದುಕೊಳ್ಳಿ. ಕ್ಯಾಪ್ ತಾನಾಗಿ ನೀರು ತಡೆಯದು, ಪ್ಲಗ್ ಜಾರದಂತೆ ಹಿಡಿದಿಡುತ್ತದೆ ಅಷ್ಟೇ.

ಉಂಡೆಯೂ ಸರಿಹೋಗದಿದ್ದರೆ ಕಿವಿಮಾತು ಅವರಂಥವರ ಬಳಿ ಅಚ್ಚು ತೆಗೆಸಿ ಮಾಡಿಸಿಕೊಳ್ಳಬಹುದು. ದುಬಾರಿ, ಆದರೆ ಬಹುಕಾಲ ಬಾಳುತ್ತದೆ.

ತಿಳಿನೀರು
ಉಂಡೆಯನ್ನು ತೊಳೆದು ಮತ್ತೆ ಬಳಸಬಹುದೇ?

ಕಿವಿಮಾತು
ಉಂಡೆಯನ್ನು ಚೆನ್ನಾಗಿ ತೊಳೆಯಲಾಗದು. ಕೊಳೆ ಹಿಡಿದರೆ, ಅಂಟು ಕಡಿಮೆಯಾದರೆ ಎಸೆದು ಹೊಸದು ತೆಗೆಯಿರಿ. ಬಲಗಿವಿಗೆ ಸೋಂಕು ಇದ್ದಾಗ ಬಳಸಿದ್ದನ್ನು ಇಂದೇ ಎಸೆಯಿರಿ. ಅಚ್ಚಿನದಾದರೆ ಸೌಮ್ಯ ಸೋಪಿನಲ್ಲಿ ತೊಳೆದು, ಪೂರ್ತಿ ಆರಿಸಿ, ಗಾಳಿಯಾಡುವ ಡಬ್ಬಿಯಲ್ಲಿಡಿ. ಒದ್ದೆ ಟವೆಲಿನ ಜೊತೆ ಚೀಲಕ್ಕೆ ತುರುಕಬೇಡಿ.